ಅಕ್ಕಿ, ಹಕ್ಕಿ ಮತ್ತು ಆದೇಶ

ಕನ್ನಡವನ್ನು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಸಂಧಿ ಎಂದೊಡನೆ ಮೂರು ಹೆಸರು ತಾವಾಗಿಯೇ ಬಾಯಿಗೆ ಬರುತ್ತವೆ: ಲೋಪ, ಆಗಮ, ಆದೇಶ. ಊರು ಎಂಬುದಕ್ಕೆ ಅಲ್ಲಿ ಸೇರಿ ಊರಲ್ಲಿ ಆದಾಗ ಒಂದು ಉಕಾರ ಬಿದ್ದುಹೋಯಿತು, ಅದು ಲೋಪ. ಮನೆಗೆ ಅಲ್ಲಿ ಸೇರಿ ಮನೆಯಲ್ಲಿ ಆದಾಗ ನಡುವೆ ಯಕಾರವೊಂದು ಕರೆಯದೆ ಬಂದು ಕೂತಿತು, ಅದು ಆಗಮ. ಮಳೆಗೆ ಕಾಲ ಸೇರಿ ಮಳೆಗಾಲ ಆದಾಗ ಕಕಾರ ಎದ್ದುಹೋಗಿ ಅದರ ಜಾಗಕ್ಕೆ ಗಕಾರ ಬಂತು, ಅದು ಆದೇಶ. ಎರಡೆರಡು ಅಂಕಕ್ಕೆಂದು ಬಾಯಿಪಾಠ ಮಾಡಿದ ಈ ಮೂರರ ಆಚೆಗೆ, ಪುಟದ ಮೇಲಿನ ಬರಹಕ್ಕೆ ಮಾಡಬಹುದಾದ ಬೇರೆ ಕೆಲಸವೇನಾದರೂ ಇದೆಯೇ ಎಂದು ಒಂದು ಗಳಿಗೆ ಯೋಚಿಸಿ ನೋಡಿ. ತೆಗೆಯಬಹುದು, ಸೇರಿಸಬಹುದು, ಬದಲಿಸಬಹುದು. ಅಷ್ಟೇ.

ಆದೇಶ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆಯಲ್ಲ, ಅಪ್ಪಣೆ ಎಂದು? ಸರ್ಕಾರದ ಆದೇಶ, ಪ್ರಿನ್ಸಿಪಾಲರ ಆದೇಶ. ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಕೂತು, ಮೌಸನ್ನು ಮುಟ್ಟದೆ, ಒಂದು ಸಾಲು ಟೈಪು ಮಾಡಿ ಕೆಲಸ ಮಾಡಿಸಿಕೊಳ್ಳುವ ಪದ್ಧತಿಗೆ ಕಮಾಂಡ್ ಲೈನ್ ಎನ್ನುತ್ತಾರೆ. ಕನ್ನಡದಲ್ಲಿ ಆದೇಶದ ಸಾಲು ಎಂದರೆ ಸರಿಹೋದೀತು. ಆ ಸಾಲಿನಿಂದ ಮಾಡಿಸುವ ಕೆಲಸಗಳಲ್ಲಿ ತೀರ ಹಳೆಯದೊಂದು ಎಂದರೆ ಒಂದು ಮಾತನ್ನು ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು. ಅಂದರೆ ಆದೇಶ ಕೊಟ್ಟು ಆದೇಶ ಮಾಡಿಸುವುದು! ಈ ಶ್ಲೇಷೆಯನ್ನು ಯಾವ ಕವಿಯೂ ಕಟ್ಟಿದ್ದಲ್ಲ, ಭಾಷೆ ತಾನೇ ನಮಗಾಗಿ ಎತ್ತಿಟ್ಟದ್ದು.

ನನಗೆ ಈ ವಿಷಯ ಗಂಟುಬಿದ್ದ ಕಾರಣ ಹೇಳುತ್ತೇನೆ. ಕಳೆದ ವರ್ಷ ನಮ್ಮ ಸಂಘದವರು 1976ರಿಂದ 1988ರವರೆಗಿನ ಹಳೆಯ ಸಂಚಿಕೆಗಳಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸಿ ಒಂದು ಸಂಪುಟ ತರೋಣವೆಂದು ಹೊರಟರು. ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿದ ಆ ಹಾಳೆಗಳ ಅಂಚು ಮುಟ್ಟಿದರೆ ಉದುರುತ್ತದೆ. ಮಸಿ ಹಿಂಬದಿಗೆ ಇಳಿದು ಎರಡು ಪುಟಗಳು ಒಂದರೊಳಗೊಂದು ಮಾತಾಡಿಕೊಳ್ಳುತ್ತವೆ. ಪುಣ್ಯಕ್ಕೆ ಯಾರೋ ಹಿರಿಯರು ಬಹಳ ಹಿಂದೆಯೇ ಅವನ್ನು ಡಿ.ಟಿ.ಪಿ. ಮಾಡಿಸಿ ಒಂದು ಸಿ.ಡಿ.ಯಲ್ಲಿ ಇಟ್ಟಿದ್ದರು. ಆ ಫೈಲುಗಳನ್ನು ಇಂದಿನ ಯುನಿಕೋಡ್ ಕನ್ನಡಕ್ಕೆ ತಂದು, ತಪ್ಪು ತಿದ್ದಿ, ಅಚ್ಚಿಗೆ ಸಿದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂತು. "ನೀನು ಕಂಪ್ಯೂಟರ್ ಓದುವವ, ನಿಂಗೆಂಥ ಕಷ್ಟ ಮಾರಾಯ?" ಎಂದ ನಮ್ಮ ಕಾರ್ಯದರ್ಶಿ, ಉಡುಪಿ ಕಡೆಯವನು.

ಈ ಕೆಲಸಕ್ಕೆ ಇರುವ ಉಪಕರಣಗಳು ಎರಡು: ಹುಡುಕುವುದಕ್ಕೆ ಗ್ರೆಪ್, ಬದಲಿಸುವುದಕ್ಕೆ ಸೆಡ್. ಎರಡೂ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ಹುಟ್ಟಿದವು. ಕೆನ್ ಥಾಂಪ್ಸನ್ ಬರೆದ ಎಡ್ ಎಂಬ ತಿದ್ದುವ ಪ್ರೋಗ್ರಾಮಿನಲ್ಲಿ 'ಎಲ್ಲ ಸಾಲುಗಳಲ್ಲೂ ಈ ಮಾದರಿಯನ್ನು ಹುಡುಕಿ ಅಚ್ಚುಹಾಕು' ಎಂಬ ಆದೇಶಕ್ಕೆ ಜಿ, ಆರ್‌ಇ, ಪಿ ಎಂದು ಬರೆಯಬೇಕಾಗಿತ್ತು. ಅವನ್ನೇ ಕೂಡಿಸಿ ಓದಿದರೆ ಗ್ರೆಪ್. ಲೀ ಮೆಕ್‌ಮಹನ್ ಎಂಬವರಿಗೆ ಅಮೆರಿಕದ 'ಫೆಡರಲಿಸ್ಟ್' ಪ್ರಬಂಧಗಳನ್ನು ಜಾಲಾಡಬೇಕಾಗಿತ್ತು. ಅವು 1787–88ರಲ್ಲಿ ಒಂದೇ ಗುಪ್ತನಾಮದಲ್ಲಿ ಪ್ರಕಟವಾದ 85 ಬರಹಗಳು. ಕೆಲವನ್ನು ಹ್ಯಾಮಿಲ್ಟನ್ ಬರೆದನೋ ಮ್ಯಾಡಿಸನ್ ಬರೆದನೋ ಎಂಬುದು ಬಹುಕಾಲದ ಜಗಳ. ಅಷ್ಟು ದೊಡ್ಡ ಪಠ್ಯ ಎಡ್‌ನಲ್ಲಿ ಹಿಡಿಸದ ಕಾರಣ ಥಾಂಪ್ಸನ್ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಕೊಟ್ಟರೆಂದು ಅವರ ಸಹೋದ್ಯೋಗಿ ಬ್ರಯಾನ್ ಕೆರ್ನಿಘನ್ ಹೇಳಿದ್ದಾರೆ. ಮುಂದೆ ಸೆಡ್ ಬರೆದವರು ಈ ಮೆಕ್‌ಮಹನ್‌ರೇ. ಎಂ.ಎ. ಕನ್ನಡದ ಮಿತ್ರರು ಇದನ್ನು ಗಮನಿಸಬೇಕು: ಗ್ರೆಪ್ಪಿನ ಹಿಂದೆ ಇದ್ದದ್ದು ವ್ಯಾಪಾರದ ಲೆಕ್ಕವಲ್ಲ, 'ಇದನ್ನು ಬರೆದವರು ಯಾರು?' ಎಂಬ ಅಪ್ಪಟ ಸಾಹಿತ್ಯದ ಪ್ರಶ್ನೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಸೆಡ್‌ಗೆ ಅಪ್ಪಣೆ ಕೊಡುವ ಕ್ರಮ ಸರಳ. ಮೊದಲು ಎಸ್ ಎಂಬ ಇಂಗ್ಲಿಷ್ ಅಕ್ಷರ, ಒಂದು ಸ್ಲ್ಯಾಶು, ಹುಡುಕಬೇಕಾದ ಮಾತು, ಇನ್ನೊಂದು ಸ್ಲ್ಯಾಶು, ಬದಲಿ ಮಾತು, ಮುಗಿಸಲು ಮತ್ತೊಂದು ಸ್ಲ್ಯಾಶು. ಹೀಗೆ: /ಸಂಜೆ/ಸಾಯಂಕಾಲ/. ಕೊನೆಗೆ ಜಿ ಎಂಬ ಅಕ್ಷರ ಸೇರಿಸಿದರೆ ಸಾಲಿನಲ್ಲಿರುವ ಎಲ್ಲ ಸಂಜೆಗಳೂ ಸಾಯಂಕಾಲ. ಇಲ್ಲದಿದ್ದರೆ ಪ್ರತಿ ಸಾಲಿನ ಮೊದಲನೆಯದು ಮಾತ್ರ. ಇಷ್ಟೇ ಆಗಿದ್ದರೆ ಲೇಖನವನ್ನು ಇಲ್ಲಿಗೇ ಮುಗಿಸಿ ಕ್ಯಾಂಟೀನಿಗೆ ಹೋಗಬಹುದಿತ್ತು. ತಕರಾರು ಶುರುವಾಗುವುದು ಚುಕ್ಕಿಯಿಂದ.

ನಮ್ಮ ಹಳೆಯ ಸಂಚಿಕೆಗಳ ಬೆಲೆ ರೂ. 1.50 ಎಂದಿಟ್ಟುಕೊಳ್ಳಿ. ಆ ಬೆಲೆ ಎಲ್ಲೆಲ್ಲಿ ಅಚ್ಚಾಗಿದೆ ನೋಡೋಣವೆಂದು ಗ್ರೆಪ್‌ಗೆ 1.50 ಎಂದು ಕೊಟ್ಟರೆ ಅದು ಬೆಲೆಯ ಜೊತೆಗೆ 1950ನೇ ಇಸವಿಯನ್ನೂ ಹೊತ್ತು ತರುತ್ತದೆ. 'ಭಾರತ ಗಣರಾಜ್ಯವಾದದ್ದು 1950ರಲ್ಲಿ' ಎಂಬ ಸಾಲಿಗೂ ನಮ್ಮ ಒಂದೂವರೆ ರೂಪಾಯಿಗೂ ಏನು ಸಂಬಂಧ? ಸಂಬಂಧ ಚುಕ್ಕಿಯದು. ಗ್ರೆಪ್‌ನ ಕಣ್ಣಿಗೆ ಚುಕ್ಕಿ ಎಂದರೆ ಚುಕ್ಕಿಯಲ್ಲ, 'ಇಲ್ಲಿ ಯಾವುದಾದರೂ ಒಂದು ಅಕ್ಷರ' ಎಂಬ ಸೂಚನೆ. ಹಾಗೆಯೇ ನಕ್ಷತ್ರದ ಗುರುತು ಎಂದರೆ 'ಹಿಂದಿನದು ಎಷ್ಟು ಸಲವಾದರೂ ಬರಲಿ, ಬಾರದೆಯೂ ಇರಲಿ'. ಡಾಲರಿನ ಗುರುತು ಎಂದರೆ ಸಾಲಿನ ಕೊನೆ. ಮೇಲ್ಮುಖದ ಬಾಣದ ತಲೆಯಂತಿರುವ ^ ಎಂದರೆ ಸಾಲಿನ ಮೊದಲು. ಚೌಕ ಕಂಸಗಳು ಎಂದರೆ 'ಒಳಗೆ ಇಟ್ಟವುಗಳಲ್ಲಿ ಯಾವುದಾದರೂ ಒಂದು'. ಇವನ್ನೆಲ್ಲ ವಿಶೇಷ ಚಿಹ್ನೆಗಳು ಎನ್ನುತ್ತಾರೆ.

ಇವಕ್ಕೆ ಈ ವಿಶೇಷ ಎಲ್ಲಿಂದ ಬಂತು? ನಕ್ಷತ್ರಕ್ಕೆ ಪುನರಾವರ್ತನೆಯ ಅರ್ಥ ಕೊಟ್ಟವನು ಸ್ಟೀಫನ್ ಕ್ಲೀನಿ ಎಂಬ ತರ್ಕಶಾಸ್ತ್ರಜ್ಞ, 1956ರಲ್ಲಿ ಅಚ್ಚಾದ ಒಂದು ಪ್ರಬಂಧದಲ್ಲಿ. ಆತನ ವಿಷಯ ನರಜಾಲಗಳ ಗಣಿತ, ಅಕ್ಷರ ಹುಡುಕುವುದಲ್ಲ. ಆ ಗಣಿತವನ್ನು ಪಠ್ಯ ಹುಡುಕುವುದಕ್ಕೆ ಇಳಿಸಿದ ಪ್ರಬಂಧವನ್ನು ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಕೀಲಿಮಣೆಯ ಮೇಲಿದ್ದ ಗುರುತುಗಳು ಕೆಲವೇ. ಹೊಸ ಕೆಲಸಕ್ಕೆ ಹೊಸ ಗುರುತು ತರುವುದೆಲ್ಲಿಂದ? ಇದ್ದವರಿಗೇ ಎರಡನೇ ಹುದ್ದೆ ವಹಿಸಿದರು, ನಮ್ಮ ಹಳ್ಳಿಗಳಲ್ಲಿ ಶಾಲೆಯ ಮೇಷ್ಟ್ರೇ ಪೋಸ್ಟ್ ಮಾಸ್ಟರೂ ಆಗಿರುತ್ತಿದ್ದ ಹಾಗೆ. ಅವರನ್ನು ಕಂಡಾಗ ಪಾಠದ ಮಾತೋ ಮನಿಯಾರ್ಡರಿನ ಮಾತೋ ಎಂದು ನಾವೇ ಮೊದಲು ಹೇಳಬೇಕು.

ಒಂದೇ ಗುರುತು ಒಮ್ಮೆ ತಾನಾಗಿ, ಒಮ್ಮೆ ಸೂಚನೆಯಾಗಿ ನಿಲ್ಲುವ ಈ ಪೇಚು ಪಾಣಿನಿಗೂ ಎದುರಾಗಿತ್ತು. ಮಾಹೇಶ್ವರ ಸೂತ್ರಗಳು ಹದಿನಾಲ್ಕರಲ್ಲೂ ಕೊನೆಯ ವ್ಯಂಜನ ವರ್ಣಮಾಲೆಯ ಭಾಗವಲ್ಲ, ಬರಿಯ ಗುರುತು. ಕೆಲಸ ಮುಗಿದ ಮೇಲೆ ಅದು ಲೋಪವಾಗುತ್ತದೆ. ವ್ಯಾಕರಣದಲ್ಲಿ ಒಂದು ಶಬ್ದವನ್ನು ಹೇಳಿದರೆ ಅದು ತನ್ನ ಸ್ವಂತ ರೂಪವನ್ನೇ ಸೂಚಿಸಬೇಕು, ಪಾರಿಭಾಷಿಕ ಸಂಜ್ಞೆಯಾಗಿದ್ದರೆ ಮಾತ್ರ ಬೇರೆ ಎಂಬ ಅರ್ಥದ ಸೂತ್ರವೊಂದನ್ನು ಆತ ಮೊದಲ ಅಧ್ಯಾಯದಲ್ಲೇ ಇಟ್ಟಿದ್ದಾನೆ. ಹುಡುಕುವ ಮಾತು ಯಾವುದು, ಹುಡುಕುವ ಬಗೆಯನ್ನು ಹೇಳುವ ಮಾತು ಯಾವುದು ಎಂದು ಬೇರ್ಪಡಿಸದೆ ಭಾಷೆಯ ಬಗ್ಗೆ ಒಂದು ನಿಯಮವನ್ನೂ ಬರೆಯಲಾಗದು.

ಇನ್ನು ನಮ್ಮ ಕನ್ನಡ ವ್ಯಾಕರಣದಲ್ಲಿ ಸಂಧಿಯ ಪಾಠದ ಕೊನೆಗೆ ಬರುವ, ನಾವೆಲ್ಲ ಪರೀಕ್ಷೆಗೆ ಬಾರದೆಂದು ಬಿಟ್ಟುಬಿಡುವ ಒಂದು ಮಾತಿದೆ: ಪ್ರಕೃತಿಭಾವ. ಸಂಧಿಯಾಗಬೇಕಾದ ಜಾಗದಲ್ಲೂ ಸಂಧಿಯಾಗದೆ ಪದ ತನ್ನ ಸಹಜ ರೂಪದಲ್ಲೇ ನಿಲ್ಲುವುದು. 'ಅಮ್ಮಾ, ಇಲ್ಲಿ ಬಾ' ಎಂದು ಕೂಗುವಾಗ ಸೂತ್ರವನ್ನು ನಂಬಿ 'ಅಮ್ಮಿಲ್ಲಿ ಬಾ' ಎಂದು ಯಾವ ಮಗುವೂ ಕೂಗುವುದಿಲ್ಲ. ಕರೆಯುವ ದನಿಯನ್ನು ಕತ್ತರಿಸಬಾರದು, ಅಷ್ಟೇ ಅದರ ನ್ಯಾಯ.

ಆದೇಶದ ಸಾಲಿನಲ್ಲಿ ಪ್ರಕೃತಿಭಾವದ ಗುರುತು ಬ್ಯಾಕ್‌ಸ್ಲ್ಯಾಶು, ಹಿಂದಕ್ಕೆ ವಾಲಿದ ಈ ಗೆರೆ: \. ಚುಕ್ಕಿಯ ಹಿಂದೆ ಇದನ್ನು ನಿಲ್ಲಿಸಿ 1\.50 ಎಂದು ಬರೆದರೆ ಚುಕ್ಕಿ ಬರಿಯ ಚುಕ್ಕಿ. ಇಸವಿ ತೊಲಗಿತು, ಬೆಲೆ ಮಾತ್ರ ಉಳಿಯಿತು. ಈ ಗೆರೆ ಹುಟ್ಟಿದ್ದು ಇದಕ್ಕಾಗಿಯೇನಲ್ಲ. ಆಲ್ಗಾಲ್ ಎಂಬ ಭಾಷೆಯ 'ಮತ್ತು', 'ಅಥವಾ' ಗುರುತುಗಳನ್ನು ಎರಡು ಗೆರೆ ಆತು ನಿಲ್ಲಿಸಿ /\ ಎಂದೂ \/ ಎಂದೂ ಬರೆಯಲು ಅನುಕೂಲವಾಗಲೆಂದು ಬಾಬ್ ಬೆಮರ್ ಅದನ್ನು ಆಸ್ಕಿ ಸಂಕೇತಗಳೊಳಗೆ ತರಿಸಿದರು. 1963ರ ಪಟ್ಟಿಯಲ್ಲೇ ಅದಿದೆ. ಯಾರಿಗೂ ಅಷ್ಟಾಗಿ ಬೇಡವಾಗಿದ್ದ ಗೆರೆಗೆ ಕಡೆಗೆ ದೊರೆತ ಉದ್ಯೋಗ ಇದು: ಪಕ್ಕದವರ ಅಧಿಕಾರ ಕಳಚುವುದು.

ಕಳಚುವುದು ಮಾತ್ರವೇ ಎಂದರೆ ಅದೂ ಅಲ್ಲ. ಹಳೆಯ ಪದ್ಧತಿಯ ಗ್ರೆಪ್, ಸೆಡ್‌ಗಳಲ್ಲಿ ದುಂಡು ಕಂಸ ಮೊದಲಿನಿಂದಲೂ ಸಾಮಾನ್ಯ ಪ್ರಜೆ. ಅದರ ಹಿಂದೆ ಬ್ಯಾಕ್‌ಸ್ಲ್ಯಾಶು ನಿಲ್ಲಿಸಿದಾಗಲೇ ಅದಕ್ಕೆ 'ಈ ಭಾಗವನ್ನು ನೆನಪಿಡು' ಎಂಬ ಅಧಿಕಾರ ಬರುತ್ತದೆ. ಅದೇ ಗೆರೆ ಒಬ್ಬರ ಪೇಟ ತೆಗೆಯುತ್ತದೆ, ಇನ್ನೊಬ್ಬರಿಗೆ ಪೇಟ ಸುತ್ತುತ್ತದೆ. ಹುಡುಕುವ ಕಡೆಗೂ ಬದಲಿಸುವ ಕಡೆಗೂ ಕಾನೂನು ಬೇರೆ. ಚುಕ್ಕಿಗೆ ಹುಡುಕುವ ಕಡೆ ಮಾತ್ರ ದರ್ಬಾರು. ಬದಲಿಯ ಕಡೆ ಅದು ಬರಿಯ ಚುಕ್ಕಿ. & ಎಂಬ ಗುರುತಿಗೆ ಇದು ತಿರುಗುಮುರುಗು. ಹುಡುಕುವ ಕಡೆ ಅದು ಸಾಧು. ಬದಲಿಯ ಕಡೆ ಬಂದರೆ 'ಈಗ ಸಿಕ್ಕಿದ್ದನ್ನೇ ಇಲ್ಲಿ ಇಡು' ಎಂದರ್ಥ. ಆದ್ದರಿಂದ ಜಾಹೀರಾತು ಪುಟದಲ್ಲಿ ಜಾಗ ಉಳಿಸಲು /ಮತ್ತು/&/ ಎಂದು ಆದೇಶಿಸಿದರೆ ಯಂತ್ರ ಫೈಲನ್ನು ಮೊದಲಿನಿಂದ ಕೊನೆಯವರೆಗೆ ವಿಧೇಯವಾಗಿ ಓದಿ, ಪ್ರತಿ 'ಮತ್ತು'ವನ್ನು ತೆಗೆದು, ಅದರ ಜಾಗದಲ್ಲಿ 'ಮತ್ತು' ಎಂದೇ ಇಟ್ಟು ಸುಮ್ಮನಾಗುತ್ತದೆ. ಕೆಲಸವೇನೋ ಆಯಿತು, ಕಾಣಲಿಕ್ಕೆ ಏನೂ ಆಗಿಲ್ಲ. \& ಎಂದು ಬರೆದಾಗಲೇ ನಿಜವಾದ ಗುರುತು ಬಂದು ಕೂರುವುದು.

ಗ್ರೆಪ್‌ನ ಹತ್ತಿರ ಹೋಗುವ ಮೊದಲೇ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆ, ಶೆಲ್ ಎಂದು ಅವನ ಹೆಸರು. ನೀವು ಬರೆದ ಸಾಲನ್ನು ಮೊದಲು ಓದುವವನು ಅವನೇ. ಅವನಿಗೂ ನಕ್ಷತ್ರ, ಡಾಲರು, ಬ್ಯಾಕ್‌ಸ್ಲ್ಯಾಶುಗಳಿಗೆ ತನ್ನದೇ ಅರ್ಥಗಳಿವೆ. ಅವನ ನಕ್ಷತ್ರ ಫೈಲುಗಳ ಹೆಸರನ್ನು ಹುಡುಕುವ ನಕ್ಷತ್ರ, ಗ್ರೆಪ್‌ನದು ಬೇರೆ. ಕಾವಲುಗಾರನು ಒಡೆದು ಓದದೆ ಕಾಗದವನ್ನು ಒಳಗೆ ಬಿಡಬೇಕೆಂದರೆ ಇಡೀ ಮಾದರಿಯನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಬೇಕು. ಜೋಡಿ ಚಿಹ್ನೆ ಸಾಲದು. ಅದರೊಳಗೆ ಡಾಲರನ್ನೂ ಬ್ಯಾಕ್‌ಸ್ಲ್ಯಾಶನ್ನೂ ಅವನು ಬಿಡಿಸಿ ನೋಡುತ್ತಾನೆ. ಇನ್ನು 15/8/1947 ಎಂಬಂಥ ತಾರೀಕನ್ನು ಹುಡುಕಿ ಬದಲಿಸಬೇಕಾದರೆ ಒಳಗಿನ ಪ್ರತಿ ಸ್ಲ್ಯಾಶಿಗೂ ಒಂದೊಂದು ಬ್ಯಾಕ್‌ಸ್ಲ್ಯಾಶು ಬೇಕು. 15\/8\/1947 ಎಂದು ಗಾಳಿಗೆ ಬಾಗಿದ ಬೇಲಿಯಂತೆ ಕಾಣುತ್ತದೆ. ಅಲ್ಲಿ ಜಾಣರು ಬೇಲಿಯನ್ನೇ ಬದಲಿಸುತ್ತಾರೆ: ಗಡಿಗೆ ಸ್ಲ್ಯಾಶಿನ ಬದಲು | ಇಟ್ಟರೂ ಸೆಡ್ ಒಪ್ಪುತ್ತದೆ. ಯಾವ ವಿಶೇಷವೂ ಬೇಡ, ಬರೆದದ್ದನ್ನು ಬರೆದಂತೆಯೇ ಹುಡುಕು ಎನ್ನುವುದಾದರೆ ಗ್ರೆಪ್‌ಗೆ ದೊಡ್ಡ ಎಫ್ ಎಂಬ ಸೂಚನೆ ಕೊಟ್ಟರೆ ಸಾಕು, ಎಲ್ಲರೂ ಸರಿಸಮಾನ.

ಇಷ್ಟು ಸಿದ್ಧತೆಯಿಂದ ಆ ಹಳೆಯ ಸಿ.ಡಿ. ತೆರೆದರೆ ಅಲ್ಲಿ ಕನ್ನಡವೇ ಇಲ್ಲ! ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟು ಪದ್ಧತಿಯಲ್ಲಿ ಕನ್ನಡ ಅಕ್ಷರದ ತುಂಡುಗಳು ಪರದೇಶಿ ಗುರುತುಗಳ ಮನೆಯಲ್ಲಿ ಬಾಡಿಗೆಗೆ ಇದ್ದವು. ಇಂಗ್ಲಿಷಿನ ದೊಡ್ಡ ಪಿ ಎಂದರೆ ತಲಕಟ್ಟಿಲ್ಲದ ಕ. ತಲೆಯ ಮೇಲೆ ಓರೆಗೀಟು ಹೊತ್ತ ದೊಡ್ಡ ಎ ಎಂದರೆ ತಲಕಟ್ಟು. ಬ್ರಿಟಿಷರ ಪೌಂಡಿನ ಗುರುತು ಎಂದರೆ ನ. ಐಸ್‌ಲ್ಯಾಂಡಿನವರ ಒಂದು ಅಕ್ಷರ ನಮ್ಮ ಅರ್ಕಾವತ್ತು. ಫಾಂಟು ಇರುವತನಕ ಕಣ್ಣಿಗೆ ಕನ್ನಡ. ಫಾಂಟು ತೆಗೆದೊಡನೆ ಹರಕು ಮುರುಕು ಯೂರೋಪು. ಇದನ್ನು ಯುನಿಕೋಡಿಗೆ ತರುವುದೆಂದರೆ ನೂರಾರು ಆದೇಶಸಂಧಿಗಳನ್ನು ಸಾಲಾಗಿ ಮಾಡಿಸುವುದು.

ಅದರಲ್ಲೂ ಅರ್ಕಾವತ್ತಿನದು ಸೊಗಸಾದ ತೊಡಕು. ಹಳೆಯ ಫಾಂಟಿನಲ್ಲಿ ಕಣ್ಣು ಕಂಡಂತೆ ಬರೆಯುತ್ತಿದ್ದರು: ಕರ್ನಾಟಕದಲ್ಲಿ ಕ, ನಾ, ಆಮೇಲೆ ಅರ್ಕಾವತ್ತು. ಯುನಿಕೋಡಿನಲ್ಲಿ ಬಾಯಿ ಹೇಳಿದಂತೆ ಬರೆಯಬೇಕು: ಕ, ರ್, ಆಮೇಲೆ ನಾ. ಆದ್ದರಿಂದ 'ಯಾವುದೋ ಒಂದು ಅಕ್ಷರ, ಅದರ ಬೆನ್ನಿಗೆ ಅರ್ಕಾವತ್ತು' ಎಂಬ ಮಾದರಿಯಲ್ಲಿ ಆ ಅಕ್ಷರವನ್ನು ಕಂಸದಲ್ಲಿ ನೆನಪಿಟ್ಟುಕೊಂಡು, ಬದಲಿಯ ಕಡೆ ಮೊದಲು ರ್ ಬರೆದು, ಆಮೇಲೆ \1 ಎಂದು ನೆನಪಿನಿಂದ ಅದನ್ನು ಎತ್ತಿಡಬೇಕು. ಕಣ್ಣಿನ ಕನ್ನಡವನ್ನು ಕಿವಿಯ ಕನ್ನಡ ಮಾಡುವ ಕೆಲಸ ಅದು. ಆ ಒಂದು ಸಾಲು ಓಡಿ, ಪರದೆಯ ಮೇಲೆ ಧರ್ಮ, ಕರ್ಮ, ಮಾರ್ಗ, ಸೂರ್ಯರೆಲ್ಲ ಒಂದೇ ಉಸಿರಿಗೆ ಸರಿಯಾಗಿ ಎದ್ದು ನಿಂತಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಆದರೆ ಪೌಂಡಿನ ಗುರುತೆಲ್ಲ ನಕಾರವಾಗಲಿ ಎಂದರೆ, ಒಂದು ಸಂಚಿಕೆಯ ಲಂಡನ್ ಪ್ರವಾಸ ಲೇಖನದಲ್ಲಿ ನಿಜವಾದ ಪೌಂಡುಗಳೂ ಇವೆ! 'ಪಿ.ಯು.ಸಿ.' ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಬರೆದ ಕಡೆ ತಲಕಟ್ಟಿಲ್ಲದ ಕ, ತಲಕಟ್ಟಿಲ್ಲದ ಗ, ಕೊನೆಗೊಂದು ಅ ನಿಲ್ಲುತ್ತವೆ. ಗುರುತು ಅದೇ, ಒಂದು ಕಡೆ ವೇಷ, ಇನ್ನೊಂದು ಕಡೆ ಸ್ವಂತ ಮುಖ. ಫಾಂಟಿನ ಹೆಸರು ಕಳೆದುಹೋದ ಮೇಲೆ ಎರಡನ್ನೂ ಬೇರೆ ಮಾಡಲು ಯಂತ್ರಕ್ಕೆ ಯಾವ ಸುಳಿವೂ ಇಲ್ಲ. ಓದುವ ಮನುಷ್ಯ ಮಾತ್ರ ಹೇಳಬಲ್ಲ.

ಯುನಿಕೋಡಿಗೆ ಬಂದ ಮೇಲೆ ನಮ್ಮದೇ ವಿಶೇಷ ಚಿಹ್ನೆಗಳ ಕಾಟ ಶುರು. ಛಂದಸ್ಸಿನ ತರಗತಿಯಲ್ಲಿ 'ಸ್ತ್ರೀ' ಎಂದರೆ ಒಂದೇ ಅಕ್ಷರ, ಒಂದು ಗುರು. ಯಂತ್ರದ ಲೆಕ್ಕದಲ್ಲಿ ಅದು ಆರು: ಸ, ವಿರಾಮದ ಗುರುತು, ತ, ಮತ್ತೆ ವಿರಾಮ, ರ, ಈಕಾರದ ಗುರುತು. ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೆಂಟು ಬೈಟು. ಈ ಬೈಟುಗಳ ಲೆಕ್ಕವನ್ನು, ಅಂದರೆ ಯುಟಿಎಫ್-8 ಎಂಬ ಪದ್ಧತಿಯನ್ನು, 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಅದೇ ಕೆನ್ ಥಾಂಪ್ಸನ್. ಒಂದು ಚುಕ್ಕಿಗೆ ಒಂದು ಅಕ್ಷರ ಎಂದೆನಲ್ಲ, ಕನ್ನಡದಲ್ಲಿ ಆ ಚುಕ್ಕಿ ಒಂದು ಕೊಂಬನ್ನೋ ಒಂದು ಇಳಿಯನ್ನೋ ಮಾತ್ರ ಕಿತ್ತುಕೊಂಡು ಹೋಗಬಹುದು. 'ಮಳೆ'ಯ ಮುಂದೆ ನಕ್ಷತ್ರ ಇಟ್ಟರೆ ಅದು ಅಂಟುವುದು ಳೆ ಎಂಬ ಅಕ್ಷರಕ್ಕಲ್ಲ, ಬರಿಯ ಎತ್ವಕ್ಕೆ. ಎತ್ವ ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದಾಗಿ, ಮಳೆಯ ಜೊತೆಗೆ ಮಳಿಗೆಯೂ ಮಳಲೂ ಬಂದು ನಿಲ್ಲುತ್ತವೆ.

ತಮಾಷೆಗೆ 'ಮರ'ವನ್ನೆಲ್ಲ 'ವೃಕ್ಷ' ಮಾಡು ಎಂದು ಆದೇಶಿಸಿ ನೋಡಿ. ಚಾಮರ ಹೋಗಿ ಚಾವೃಕ್ಷ, ಮರಣ ಹೋಗಿ ವೃಕ್ಷಣ. ಮರ್ಮದಲ್ಲಿ ಮರ ಇದೆಯೆಂದು ನಮ್ಮ ಕಣ್ಣಿಗೆ ಹೊಳೆಯುವುದೇ ಇಲ್ಲ; ಯಂತ್ರಕ್ಕೆ ಮ, ರ ಎರಡೂ ಸಾಲಾಗಿ ಕಾಣುತ್ತವೆ, ಅದು ವೃಕ್ಷ್ಮ ಆಗುತ್ತದೆ. ಮುಂಬಯಿಯಲ್ಲಿ ಇರುವ ನಾವು ನೆರೆಯವರಿಗೆ ಮುಖ ತೋರಿಸುವಂತಿಲ್ಲ, ಮರಾಠಿಯೇ ವೃಕ್ಷಾಠಿ ಆಗಿರುತ್ತದೆ!

ಕಾಣುವವರದು ಈ ಗಲಾಟೆಯಾದರೆ ಕಾಣದವರದು ಇನ್ನೊಂದು. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕು ಕೂಡಿ ಒತ್ತಕ್ಷರವಾಗದಂತೆ ನಡುವೆ ಅಗಲವೇ ಇಲ್ಲದ ಒಂದು ಗುರುತು ನಿಂತಿರುತ್ತದೆ. ಕಾಗದದ ಮೇಲೆ ಅದಕ್ಕೆ ಒಂದು ಕೂದಲೆಳೆಯಷ್ಟೂ ಜಾಗವಿಲ್ಲ, ಫೈಲಿನಲ್ಲಿ ಮೂರು ಬೈಟು. ಆ ಗುರುತಿಲ್ಲದೆ ಹುಡುಕಿದರೆ ಇಡೀ ಸಂಪುಟದಲ್ಲಿ ರಾಜ್‌ಕುಮಾರರೇ ಇಲ್ಲ ಎನ್ನುತ್ತದೆ ಗ್ರೆಪ್. ಹಾಗೆಯೇ 'ಕೋಣ'ದ ಓತ್ವವನ್ನು ಒಂದೇ ಗುರುತಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರು ಗುರುತಾಗಿ ಒಡೆದೂ ಇಡಬಹುದು. ಯುನಿಕೋಡಿನ ಕಾನೂನಿನಂತೆ ಎರಡೂ ಸಮಾನ. ಬೈಟು ಎಣಿಸುವವನಿಗೆ ಎರಡು ಬೇರೆ ಕೋಣ. ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಂಡು ಆಮೇಲೆ ಹುಡುಕಬೇಕು.

ಈ ಮಾತು ಕೇಳಿಯೇ ನಮ್ಮ ಕಾರ್ಯದರ್ಶಿಗೆ ಹುರುಪು ಬಂದದ್ದು. "ಒಂದೇ ರೂಪಕ್ಕೆ ತರುವುದಾದರೆ ಭಾಷೆಯನ್ನೂ ತರುವ ಮಾರಾಯ. ಒಬ್ಬ ಹೋಗ್ಯಾನ ಅಂತಾನೆ, ಒಬ್ಬ ಹೋಗಿದಾನೆ ಅಂತಾನೆ, ಇನ್ನೊಬ್ಬ ಹೋಯ್ದಾನೆ ಅಂತಾನೆ. ಪುಸ್ತಕ ಅಂದ ಮೇಲೆ ಒಂದು ಶಿಸ್ತು ಬೇಡವಾ? ನೀನು ಒಂದೊಂದು ಸಾಲು ಬರೆದರೆ ಆಯಿತಲ್ಲ!"

ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಡಿ.ಟಿ.ಪಿ.ಯವರ ಕೈತಪ್ಪುಗಳು ಸಾವಿರಾರು ಇದ್ದವು, ಅವನ್ನು ತಿದ್ದಲೇಬೇಕು. ಆದರೆ ಯಾವುದು ಕೈತಪ್ಪು, ಯಾವುದು ಬಾಯಿಯ ಸ್ವಭಾವ? ಅವನು ಮೊದಲು ಬೆರಳಿಟ್ಟು ತೋರಿಸಿದ್ದು 'ಅಕ್ಕಿ' ಎಂಬ ಪದವನ್ನು. 1983ರ ಒಂದು ಸಂಚಿಕೆಯಲ್ಲಿ ಎರಡು ಪುಟದ ಒಂದು ಬರಹವಿದೆ. ಅದರ ಹಿಂದಿನ ವರ್ಷ, 1982ರ ಜನವರಿ 18ರಂದು, ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿತ್ತು. ಎರಡೂವರೆ ಲಕ್ಷದಷ್ಟು ಕೆಲಸಗಾರರು ಹೊರಗೆ ನಿಂತಿದ್ದರು. ಬರಹ ಆ ದಿನಗಳ ಒಂದು ಚಾಳಿನ ಕೋಣೆಯದು. ಗಿರಣಿಗೆ ಹೋಗದೆ ಕೂತ ಅಪ್ಪ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಎರಡು ಕಿಲೋ ಅಕ್ಕಿ ತರುವ ಮಗ. ಹಳೇ ಮೈಸೂರಿನ ಕಡೆಯ ಮಾತು, ಹಕಾರ ಅಷ್ಟಾಗಿ ನಿಲ್ಲದ ಬಾಯಿ. ಒಂದು ಕಡೆ ತಾಯಿ ಡಬ್ಬದ ಮುಚ್ಚಳ ತೆಗೆದು ನೋಡಿ 'ಅಕ್ಕಿ ಆರೋಯ್ತು' ಎನ್ನುತ್ತಾಳೆ. ಸಣ್ಣ ಮಗು ಓಡಿಹೋಗಿ ಕಿಟಕಿಯಲ್ಲಿ ಇಣುಕುತ್ತದೆ.

"ಇಲ್ಲಿ ಹಕ್ಕಿ ಅಂತ ಆಗಬೇಕು" ಎಂದ ಕಾರ್ಯದರ್ಶಿ. ಫೈಲಿಗೆಲ್ಲ /ಅಕ್ಕಿ/ಹಕ್ಕಿ/ ಎಂದು ಆದೇಶಿಸಿದರೆ ಮಗ ರೇಷನ್ ಅಂಗಡಿಯಿಂದ ಎರಡು ಕಿಲೋ ಹಕ್ಕಿ ತರುತ್ತಾನೆ. ಪಕ್ಕದ ಲೇಖನದ ಅಕ್ಕಿರೊಟ್ಟಿ ಹಕ್ಕಿರೊಟ್ಟಿಯಾಗುತ್ತದೆ. ಅದು ನಗುವ ಸಂಗತಿ. ಸೂಕ್ಷ್ಮವಾದ ಮಾದರಿ ಬರೆದು, 'ಆರೋಯ್ತು'ವಿನ ಹಿಂದಿನ ಅಕ್ಕಿಯನ್ನು ಮಾತ್ರ ಹಿಡಿ ಎಂದು ತಪ್ಪಿಸಬಹುದು. ನಗಲಾರದ ಸಂಗತಿ ಇದು: ಆ ಒಂದು ಜಾಗದಲ್ಲಿ ಅಕ್ಕಿ ಅಕ್ಕಿಯೂ ಹೌದು, ಹಕ್ಕಿಯೂ ಹೌದು. ಡಬ್ಬ ಬರಿದಾದದ್ದನ್ನು ತಾಯಿ ಹಾರಿಹೋಯಿತು ಎಂದಳು. ಮಗು ಹಾರಿದ್ದನ್ನು ನೋಡಲು ಕಿಟಕಿಗೆ ಹೋಯಿತು. ಹಕ್ಕಿ ಎಂದು ತಿದ್ದಿದರೆ ಡಬ್ಬಕ್ಕೆ ಅರ್ಥವಿಲ್ಲ. 'ಅಕ್ಕಿ ಮುಗಿಯಿತು' ಎಂದು ತಿದ್ದಿದರೆ ಕಿಟಕಿಗೆ ಅರ್ಥವಿಲ್ಲ. ಇಡೀ ಬರಹ ನಿಂತಿರುವುದೇ ಒಂದು ಹಕಾರದ ಲೋಪದ ಮೇಲೆ.

ಇನ್ನೊಂದು ಮಾತು. ಆ ಬರಹಕ್ಕೆ ಹೆಸರಿಲ್ಲ. ಅಡಿಯಲ್ಲಿ ಸಹಿ ಇಲ್ಲ, ಪರಿವಿಡಿಯಲ್ಲಿ ಒಂದು ಗೆರೆ ಎಳೆದು ಬಿಟ್ಟಿದ್ದಾರೆ. ಆ ವರ್ಷಗಳ ಹಿರಿಯರಲ್ಲಿ ನನಗೆ ಸಿಕ್ಕಿದ ನಾಲ್ವರನ್ನು ಕೇಳಿದೆ, ಒಬ್ಬರಿಗೂ ನೆನಪಿಲ್ಲ. ಬರೆದವರ ಗುರುತೆಂದು ಉಳಿದಿರುವುದು ಅವರ ಬಾಯಿ ಮಾತ್ರ: ಅಕ್ಕಿ, ಆರೋಯ್ತು, ಎಂಗೆ, ಒಸಾದು. ಫೆಡರಲಿಸ್ಟ್ ಪ್ರಬಂಧಗಳ ವಿಷಯ ಮತ್ತೆ ಬರುತ್ತೇನೆ ಎಂದಿದ್ದೆನಲ್ಲ, ಅದು ಇದಕ್ಕೇ. ಮೋಸ್ಟೆಲರ್, ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಜಗಳಕ್ಕೆ ಬಿದ್ದಿದ್ದ ಹನ್ನೆರಡು ಪ್ರಬಂಧಗಳು ಮ್ಯಾಡಿಸನ್‌ನವು ಎಂದು ತೋರಿಸಿದರು. ಆಧಾರ ದೊಡ್ಡ ವಿಚಾರಗಳಲ್ಲ, ಸಣ್ಣ ಪುಟ್ಟ ಪದಗಳು. ಹ್ಯಾಮಿಲ್ಟನ್ 'ವೈಲ್' ಎಂದು ಬರೆಯುತ್ತಿದ್ದ ಕಡೆ ಮ್ಯಾಡಿಸನ್ 'ವೈಲ್ಸ್ಟ್' ಎನ್ನುತ್ತಿದ್ದ. ಹ್ಯಾಮಿಲ್ಟನ್‌ಗೆ 'ಅಪಾನ್' ಎಂಬ ಪದದ ಮೇಲೆ ವಿಪರೀತ ಪ್ರೀತಿ. ನಡುವೆ ಯಾರೋ ಶಿಸ್ತಿನ ಸಂಪಾದಕ ಎಲ್ಲವನ್ನೂ ಒಂದೇ ಸಮ ಮಾಡಿದ್ದರೆ? ಮುನ್ನೂರು ರೂಪಾಯಿ ಬಾಳದ ಆ ಪದಗಳ ಜೊತೆಗೆ ಬರೆದವನೂ ಅಳಿಸಿಹೋಗುತ್ತಿದ್ದ.

ಹಿಂದೆ ಸ್ಟೆನ್ಸಿಲ್ಲಿನ ಮೇಲೆ ತಪ್ಪಾದರೆ ತಿದ್ದುವ ದ್ರವ ಸವರಿ, ಊದಿ ಒಣಗಿಸಿ, ಅದರ ಮೇಲೆ ಮತ್ತೆ ಕೊರೆಯಬೇಕಾಗಿತ್ತಂತೆ. ಒಂದು ಅಕ್ಷರ ತಿದ್ದಲು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ 'ಇದು ನಿಜವಾಗಿ ತಪ್ಪೇ?' ಎಂದು ಕೇಳಿಕೊಳ್ಳಲು ಪುರಸೊತ್ತು ಸಿಗುತ್ತಿತ್ತು. ಆದೇಶದ ಸಾಲು ಆ ಪುರಸೊತ್ತನ್ನು ಕಿತ್ತುಕೊಂಡಿದೆ. ನಾವೇ ಅದನ್ನು ಮತ್ತೆ ಮಾಡಿಕೊಳ್ಳಬೇಕು. ಅದಕ್ಕೆ ನಾನು ಹಿಡಿದ ಕ್ರಮ ಹೀಗಿದೆ. ಮೂಲ ಫೈಲನ್ನು ಮುಟ್ಟುವುದಿಲ್ಲ, ನಕಲಿನ ಮೇಲೆಯೇ ಕೆಲಸ. ಸೆಡ್‌ಗೆ ಮುಂಚೆ ಅದೇ ಮಾದರಿಯನ್ನು ಗ್ರೆಪ್‌ಗೆ ಕೊಟ್ಟು, ಸಿಕ್ಕಿದ ಸಾಲುಗಳನ್ನೆಲ್ಲ ಒಂದೊಂದಾಗಿ ಓದುವುದು. ಓದಿ ಒಪ್ಪಿಗೆಯಾದರೆ ಮಾತ್ರ ಆದೇಶ. ಮುಟ್ಟಬಾರದ ಪದಗಳಿಗೆ ಬೇರೆಯೇ ಒಂದು ಫೈಲು. ಅದಕ್ಕೆ 'ಪ್ರಕೃತಿಭಾವ' ಎಂದು ಹೆಸರಿಟ್ಟಿದ್ದೇನೆ.

ಕಾರ್ಯದರ್ಶಿ ಆ ಎರಡು ಪುಟಗಳನ್ನು ತೆಗೆದುಕೊಂಡು ಹೋಗಿ ಮಾರನೇ ದಿನ ತಂದುಕೊಟ್ಟ. "ಅಕ್ಕಿ ಹಾಗೇ ಇರಲಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಅಜ್ಜಿಯೂ ಹೋಟೆಲಿಗೆ ಓಟ್ಲು ಅಂತಿದ್ದರು. ಅದನ್ನೂ ನಿನ್ನ ಫೈಲಿಗೆ ಹಾಕು" ಎಂದ. ಅದು ನಮ್ಮ ಯಾವ ಸಂಚಿಕೆಯಲ್ಲೂ ಇಲ್ಲದ ಪದ. ಆದರೂ ಹಾಕಿದೆ.

ಸಂಪುಟ ಅಚ್ಚಿಗೆ ಹೋಗಲು ಇನ್ನೂ ಮೂರು ಸಂಚಿಕೆಗಳು ಸಿಗಬೇಕು: 1979ರದು ಒಂದು, 1985ರವು ಎರಡು. ನಿಮ್ಮ ಮನೆಯ ಅಟ್ಟದಲ್ಲಿ, ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ತಂದುಕೊಡಿ. ಹರಿದಿದ್ದರೂ ಸರಿ, ಮಸಿ ಮೆತ್ತಿಕೊಂಡಿದ್ದರೂ ಸರಿ. ಹಾಗೆಯೇ ಆ ಚಾಳಿನ ಬರಹವನ್ನು ಬರೆದವರು ಯಾರೆಂದು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಅವರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.